ಐತೆ ಎಂದು ಕೂಗುವ ಕೆಲಸ

ನಾನು 'ಐತೆ' ಎಂದು ಕೂಗಿದ ಮೇಲೆಯೇ ನಮ್ಮೂರಿನ ದೊಡ್ಡ ಮನುಷ್ಯರು ಅನ್ನಕ್ಕೆ ಕೈ ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷ ಅವರಿಗೆಲ್ಲ ಹೀಗೆ ಉಣ್ಣಿಸಿದ್ದೇನೆ, ಹೆತ್ತ ತಾಯಿಯೂ ಇಷ್ಟು ಕಾಲ ಉಣ್ಣಿಸಿರಲಾರಳು. ಆದರೂ ದಾರಿಯಲ್ಲಿ ಎದುರು ಸಿಕ್ಕರೆ ಅವರಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಹೊನ್ನೂರಮ್ಮ ನನ್ನ ಹೆಸರು. ಈಗ ಗೊತ್ತಾಯಿತಲ್ಲ, ಸಾಕು.

ಹೊತ್ತು ಮುಳುಗಿದ ಕೂಡಲೇ ಊರಿನ ನೆತ್ತಿಯ ಮೇಲೆ, ಆಕಾಶದಲ್ಲಿ, ಒಂದು ಕಲ್ಲು ಬಂದು ನಿಲ್ಲುತ್ತದೆ. ಬೆಳಗಿನ ಜಾವದ ಬೆಳಕಿನಲ್ಲಿ ಕರಗುತ್ತದೆ. ನೋಡುವ ಕಣ್ಣು ಇರುವ ತನಕ ಬೀಳುವುದಿಲ್ಲ, ಕಣ್ಣು ತಪ್ಪಿದರೆ ಬೀಳುತ್ತದೆ ಎಂಬುದು ನಮ್ಮೂರಿನ ನಿಯಮ. ನಿಯಮ ಮಾಡಿದವರು ಯಾರೆಂದು ಯಾರೂ ಕೇಳಲಿಲ್ಲ. ನೋಡಬೇಕಾದವರು ಯಾರೆಂದು ಕೇಳುವ ಪ್ರಮೇಯವೇ ಬರಲಿಲ್ಲ, ಅದಕ್ಕೆ ನಮ್ಮ ಕೇರಿ ಇತ್ತು. ಮೇಲ್ಪೇಟೆಯವರ ಕಣ್ಣು ನಾಜೂಕು. ಪುಸ್ತಕ ಓದುವುದಕ್ಕೆ, ಚಿನ್ನದ ಒರೆ ನೋಡುವುದಕ್ಕೆ, ಕಂಡವರ ಮನೆಯ ಹೆಣ್ಣುಮಕ್ಕಳನ್ನು ನೋಡುವುದಕ್ಕೆ ಅದು ಬೇಕು. ಆಕಾಶ ನೋಡಿ ಹಾಳು ಮಾಡಿಕೊಳ್ಳುವಂಥದ್ದಲ್ಲ. ಹಾಗಾಗಿ ಸಂಜೆಯಾಯಿತೆಂದರೆ ಅವರು ಛತ್ರಿ ಬಿಚ್ಚಿಕೊಂಡು ಓಡಾಡುತ್ತಿದ್ದರು. ಅವರ ಜಗುಲಿಗಳಿಗೆ ತಗಡಿನ ಮಾಡು, ಕಿಟಕಿಗಳಿಗೆ ಮೇಲಿನಿಂದ ಇಳಿಬಿಟ್ಟ ಚಾಪೆ, ತೊಟ್ಟಿಲಿಗೆ ಬಟ್ಟೆ. ತಲೆ ಎತ್ತದೆ ಹುಟ್ಟಿ, ತಲೆ ಎತ್ತದೆ ಮದುವೆಯಾಗಿ, ತಲೆ ಎತ್ತದೆ ಸತ್ತವರು ಆ ಪೇಟೆಯಲ್ಲಿ ಬೇಕಾದಷ್ಟು ಜನ. ಇಷ್ಟಾದರೂ ತಲೆ ಎತ್ತಿ ಬಾಳಿದವರು ಎಂದು ಕಲ್ಲಿನಲ್ಲಿ ಕೆತ್ತಿಸಿಕೊಂಡವರು ಅವರೇ.

ಕೇರಿಯ ಹಿಂದಿನ ದಿಬ್ಬದ ಮೇಲೆ ಓರೆಯಾಗಿ ನೆಟ್ಟ ಚಪ್ಪಡಿಗಳಿವೆ. ಅವಕ್ಕೆ ಒರಗುಕಲ್ಲು ಎನ್ನುತ್ತೇವೆ. ಒಂದೊಂದು ಪಾಳಿಗೆ ಇಬ್ಬರು ಒರಗಿ ಕೂರಬೇಕು. ರೆಪ್ಪೆ ಮಿಟುಕಿಸುವ ಮೊದಲು ಪಕ್ಕದವರ ತೊಡೆ ತಟ್ಟಬೇಕು. ಅವರು ತಿರುಗಿ ತಟ್ಟಿದರೆ ಮಿಟುಕಿಸಬಹುದು, ಇಲ್ಲವಾದರೆ ಕಾಯಬೇಕು. ನಮ್ಮಲ್ಲಿ ಹೆಣ್ಣು ನೋಡುವುದಕ್ಕೆ ಬಂದವರು ಜಾತಕ ಕೇಳುವುದಿಲ್ಲ, ಗಂಡು ಹೆಣ್ಣು ಇಬ್ಬರನ್ನೂ ಎದುರುಬದುರು ಕೂರಿಸಿ ರೆಪ್ಪೆ ಕೂಡುತ್ತದೋ ಇಲ್ಲವೋ ನೋಡುತ್ತಾರೆ. ಕಾಲು ಗಂಟೆಗೊಮ್ಮೆ ಪೇಟೆಗೆ ಕೇಳುವ ಹಾಗೆ 'ಐತೆ' ಎಂದು ಕೂಗಬೇಕು. ಮೊದಲ ಕೂಗಿಗೆ ಅವರು ಅನ್ನಕ್ಕೆ ಕೈ ಹಾಕುತ್ತಾರೆ, ಎರಡನೆಯದಕ್ಕೆ ಕೈ ತೊಳೆಯುತ್ತಾರೆ, ಮೂರನೆಯದಕ್ಕೆ ಎಲೆ ಅಡಿಕೆ. ಆಮೇಲಿನ ಕೂಗಿಗೆ ಏನು ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ನಮ್ಮ ಕೂಗು ಕೇಳಿಸದೆ ಬಸಿರಲ್ಲಿ ನಿಂತ ಮಕ್ಕಳು ಆ ಪೇಟೆಯಲ್ಲಿ ಇಲ್ಲ, ಅಷ್ಟು ತಿಳಿದುಕೊಳ್ಳಿ.

ಮೊದಲ ಪಾಳಿ ನನ್ನದು ಮತ್ತು ನನ್ನ ಅತ್ತೆ ಸಾಕವ್ವನದು. ಸಾಕವ್ವ ಮೂವತ್ತೊಂಬತ್ತು ವರ್ಷ ನೋಡಿದವಳು. ಕಲ್ಲನ್ನು ಅವಳು ಕಟ್ಟಿಹಾಕಿದ ಎಮ್ಮೆಯ ಹಾಗೆ ಬಲ್ಲಳು. ಹುರಿಗಡಲೆಯಷ್ಟೇ ಕಾಣುವ ಅದು ಮೆಲ್ಲಗೆ ಮಗ್ಗುಲು ಬದಲಿಸುತ್ತದೆ. ಒಂದು ಮಗ್ಗುಲು ಮಸಿ, ಇನ್ನೊಂದು ಮಗ್ಗುಲಲ್ಲಿ ಬೆಸುಗೆ ಹಾಕುವ ಕಡೆ ಏಳುವಂಥ ಬೆಳಕು, ನಡುವೆ ಒಂದು ಕುಳಿ. "ಈಗ ಬೆಳ್ಳಗಿನ ಮಗ್ಗುಲು ಬರ್ತೈತೆ, ಕಣ್ಣು ಕಿರಿದು ಮಾಡ್ಕೋ" ಎಂದು ಅವಳೇ ನನಗೆ ಕಲಿಸಿದ್ದು. ನನ್ನ ಮಗಳು ದ್ಯಾಮಿ ಶಾಲೆಯ ಪುಸ್ತಕದಲ್ಲಿ ಓದಿ, ಇಂಥದ್ದಕ್ಕೆ ಕ್ಷುದ್ರಗ್ರಹ ಅಂತಾರೆ ಕಣಜ್ಜಿ, ಎಂದಾಗ ಸಾಕವ್ವ, "ಅಂಗನ್ನಬ್ಯಾಡ, ಕೇಳಿಸ್ಕೊಂಡ್ರೆ ಬೇಜಾರು ಮಾಡ್ಕೊಂತದೆ" ಎಂದಿದ್ದಳು. ಪೇಟೆಯವರ ಲೆಕ್ಕದಲ್ಲಿ ಅದು ಉನ್ನತ ಶಿಲೆ. ಅದಕ್ಕೊಂದು ನಿಗಾ ಕಚೇರಿ, ಕಚೇರಿಗೊಬ್ಬ ಮೇಲ್ವಿಚಾರಕ. ಮೇಲೆ ನೋಡದ ಮೇಲ್ವಿಚಾರಕ.

ಹೀಗೆ ನೋಡುತ್ತಾ ನೋಡುತ್ತಾ ನಮ್ಮ ಕಣ್ಣು ಹೋಗುತ್ತದೆ. ಕಣ್ಣು ಹೋದವರಿಗೆ ಕಚೇರಿ ಒಂದು ಶಾಲು ಹೊದಿಸಿ ಕೈ ಮುಗಿಯುತ್ತದೆ. ಶಾಲಿನ ಬಣ್ಣ ಅವರಿಗೆ ಕಾಣುವುದಿಲ್ಲವಾದ್ದರಿಂದ ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದನ್ನೇ ತರುತ್ತಾರೆ. ಕಲ್ಲಿನಿಂದ ಎದ್ದವರ ಜಾಗಕ್ಕೆ ಆ ಮನೆಯ ಮುಂದಿನ ಕುಡಿ ಕೂರಬೇಕು. ಸಾಕವ್ವನಿಗೆ ಆರು ತಿಂಗಳ ಹಿಂದೆಯೇ ಪೂರ್ತಿ ಕತ್ತಲಾಗಿತ್ತು. ನಾವು ಯಾರಿಗೂ ಹೇಳಲಿಲ್ಲ. ಹೇಳಿದರೆ ಜಾಗ ದ್ಯಾಮಿಯದು. ದ್ಯಾಮಿಗೆ ಹದಿನೇಳು. ಪೇಟೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದಳು. ಸೀಸದ ಪುಟ್ಟ ಪುಟ್ಟ ಅಕ್ಷರಗಳನ್ನು ತಲೆಕೆಳಗಾಗಿಯೇ, ನಾವು ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ವೇಗವಾಗಿ ಓದುವ ಹುಡುಗಿ. ಆ ಕಣ್ಣು ಒರಗುಕಲ್ಲಿಗೆ ಹೋಗಬಾರದು ಎಂದು ನಾನು, ಸಾಕವ್ವ ಮಾತೇ ಆಡದೆ ಒಪ್ಪಂದ ಮಾಡಿಕೊಂಡಿದ್ದೆವು. ದಿನಾ ಸಂಜೆ ಅವಳ ಕೈ ಹಿಡಿದು ದಿಬ್ಬ ಹತ್ತಿಸುತ್ತಿದ್ದೆ. ನೋಡುವ ಕೆಲಸ ನನ್ನದು, ಕೂಗುವ ಕೆಲಸ ಅವಳದು.

ಇದರಲ್ಲಿ ಒಂದು ತೊಡಕಿತ್ತು. ನಾನು ರೆಪ್ಪೆ ಮಿಟುಕಿಸಿದರೆ ನೋಡುವವರೇ ಇಲ್ಲ. ಮೊದಲ ವಾರ ಬೆರಳಲ್ಲಿ ರೆಪ್ಪೆ ಹಿಡಿದು ಕೂತೆ, ನೀರು ಸುರಿದು ಕುಪ್ಪಸ ಒದ್ದೆಯಾಗುತ್ತಿತ್ತು. ಎಂಟನೆಯ ದಿನ ಸೀನು ಬಂತು. ಕಣ್ಣು ತೆರೆದುಕೊಂಡು ಸೀನುವುದು ನನ್ನಿಂದಾಗಲಿಲ್ಲ. ಮುಗಿಯಿತು, ಊರು ಹೋಯಿತು, ದ್ಯಾಮಿ ಹೋದಳು ಎಂದುಕೊಂಡು ಕಣ್ಣು ಬಿಟ್ಟೆ. ಕಲ್ಲು ಅಲ್ಲೇ ಇತ್ತು. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವಳು ಒಂದು ಗಳಿಗೆ ತಪ್ಪಿದ್ದನ್ನು ಅದು ಗಮನಿಸಿಯೂ ಇರಲಿಲ್ಲ. ಆ ಗಳಿಗೆ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು.

ಆಮೇಲೆ ಬೇಕೆಂದೇ ಕಣ್ಣು ಮುಚ್ಚಿದೆ. ಹತ್ತು ಎಣಿಸುವ ತನಕ, ನೂರು ಎಣಿಸುವ ತನಕ, ಒಂದು ಸೋಬಾನೆ ಪದ ಮುಗಿಯುವ ತನಕ. ಒಂದು ಸಂಜೆಯಂತೂ ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಸಾಕವ್ವ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. "ಗೊರಕೆ ಹೊಡೀತಿದ್ದೆ ಕಣೇ. ಏಳಿಸೋಕೆ ಮನಸ್ಸು ಬರ್ಲಿಲ್ಲ. ಐದು ಸಲ ನಾನೇ ಕೂಗಿದೆ" ಎಂದಳು. ಕುರುಡಿ ಕೂಗಿದಳು, ಕಣ್ಣಿದ್ದವಳು ಗೊರಕೆ ಹೊಡೆದಳು, ಪೇಟೆ ಎರಡೆರಡು ಸಲ ಸಾರು ಬಡಿಸಿಕೊಂಡು ಉಂಡಿತು. ನಾವಿಬ್ಬರೂ ಆ ಕಲ್ಲಿಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಸಾಕವ್ವ, "ನಮ್ಮವ್ವನ ಕಣ್ಣು, ನಮ್ಮಜ್ಜಿ ಕಣ್ಣು ಎಲ್ಲಾ ಹೋಯ್ತಲ್ಲೇ" ಎಂದಳು. ಇಡೀ ಕೇರಿಗೆ ಕಚೇರಿಯಿಂದ ಕೂಲಿಯಾಗಿ ಬರುವ ರಾಗಿ ಮೂಟೆ ಆ ಕೂಗಿನ ಮೇಲೆ ನಿಂತಿರುವಾಗ ಬೇರೆ ಯಾರಿಗೂ ಹೇಳುವ ಧೈರ್ಯ ಬರಲಿಲ್ಲ.

ಹೀಗಿರುವಾಗ ಮೇಲ್ವಿಚಾರಕ ನರಹರಯ್ಯ ತಪಾಸಣೆಗೆ ಬಂದರು. ನಮ್ಮ ಕೇರಿಗೆ ಅವರು ಹಗಲಲ್ಲೂ ಛತ್ರಿ ಹಿಡಿದೇ ಬರುತ್ತಿದ್ದರು, ಯಾರ ನೆರಳಿಗೆ ಯಾರ ನೆರಳು ತಾಗಬಾರದೋ ಯಾರಿಗೆ ಗೊತ್ತು. ಸಾಕವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಸಾಕವ್ವ, ನಾನು ಯಾರು ಹೇಳು."

"ನರಹರಯ್ಯನೋರು ಅಲ್ವಾ ಸ್ವಾಮಿ. ನಶ್ಯದ ವಾಸ್ನೆ ಆಗ್ಲೇ ಬಂತು."

"ವಾಸನೆ ಬಿಡು. ಕೈಯಲ್ಲಿ ಏನು ಹಿಡಿದಿದೀನಿ?"

"ಅಧಿಕಾರ, ಸ್ವಾಮಿ."

"ತಮಾಷೆ ಸಾಕು."

"ಛತ್ರಿ ಹಿಡಿದಿದೀರಿ. ಛತ್ರಿ ಇಲ್ದೆ ನೀವು ಎಲ್ಲಿಗೆ ಬಂದೀರಿ."

"ಬಣ್ಣ ಯಾವುದು?"

ಸಾಕವ್ವ ಕೇರುವುದನ್ನು ನಿಲ್ಲಿಸಲಿಲ್ಲ. "ಛತ್ರಿಗೆ ಇನ್ನೆಂಥ ಬಣ್ಣ ಇರ್ತೈತೆ ಸ್ವಾಮಿ, ಕರೀದು" ಎಂದಳು.

ನರಹರಯ್ಯನವರ ಛತ್ರಿಯ ಕಡ್ಡಿ ಮುರಿದಿದ್ದರಿಂದ ಅವತ್ತು ಹೆಂಡತಿಯ ಛತ್ರಿ ತಂದಿದ್ದರು. ಗುಲಾಬಿ ಬಣ್ಣ, ಅಂಚಿಗೆ ಹೂವು. ನಾನು ಒಳಗಿನಿಂದ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಜೇಬಿನಿಂದ ಸೀಸದ ಕಡ್ಡಿ ತೆಗೆದು ಏನೋ ಗೀಚಿಕೊಂಡು, "ಶಾಲು ಕಳಿಸ್ತೀನಿ" ಎಂದರು. "ಸೋಮವಾರದಿಂದ ಆ ಹುಡುಗಿ ಬಂದು ಕೂರಲಿ."

"ಸ್ವಾಮಿ, ಅವಳು ಅಕ್ಷರ ಜೋಡಿಸೋ ಕೆಲಸದಲ್ಲಿದಾಳೆ. ಕಣ್ಣು ಬೇಕಾಗ್ತದೆ" ಎಂದೆ.

"ಅಕ್ಷರ ಜೋಡಿಸೋಕೆ ನಮ್ಮ ಪೇಟೆಯಲ್ಲಿ ಹುಡುಗರು ಸಿಕ್ತಾರಮ್ಮ. ಇದಕ್ಕೆ ಸಿಗಲ್ಲ. ಪವಿತ್ರವಾದ ಕೆಲಸ ಇದು."

ಪವಿತ್ರವಾದ ಕೆಲಸಗಳಿಗೆಲ್ಲ ಆ ಪೇಟೆಯಲ್ಲಿ ಜನ ಸಿಗದಿರುವುದು ಎಂಥ ವಿಚಿತ್ರ.

ಮೂರು ದಿನ ನಿದ್ದೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ನಿಗಾ ಕಚೇರಿಗೆ ಹೋದೆ. ಒಳಗೆ ಬಿಡಲಿಲ್ಲ, ಕಿಟಕಿಯ ಹೊರಗೆ ನಿಂತು ಮಾತಾಡು ಎಂದರು. ಕಿಟಕಿಯಿಂದಲೇ ಎಲ್ಲ ಹೇಳಿದೆ. ಸೀನು, ಎಣಿಕೆ, ಗೊರಕೆ, ಒಂದನ್ನೂ ಬಿಡಲಿಲ್ಲ. ಆರು ತಿಂಗಳಿಂದ ಮೊದಲ ಪಾಳಿಯಲ್ಲಿ ಯಾರೂ ಸರಿಯಾಗಿ ನೋಡಿಲ್ಲ ಸ್ವಾಮಿ, ಕಲ್ಲು ಬಿದ್ದಿಲ್ಲ, ಅದು ತನ್ನ ಪಾಡಿಗೆ ತಾನಿದೆ, ನನ್ನನ್ನು ಜೈಲಿಗೆ ಹಾಕಿ, ಮಗಳನ್ನು ಬಿಡಿ ಎಂದೆ. ನರಹರಯ್ಯ ಕೂಗಾಡುತ್ತಾರೆ, ಕುರ್ಚಿಯಿಂದ ಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಚಿಟಿಕೆ ನಶ್ಯ ಏರಿಸಿದರು.

"ಅದು ನನಗೆ ಗೊತ್ತಿಲ್ಲದೆ ಇರುತ್ತೇನಮ್ಮ. ನಮ್ಮ ತಾತನ ಕಾಲದಿಂದ ಕಚೇರಿಗೆ ಗೊತ್ತು."

ನನಗೆ ಕಿವಿಯೂ ಹೋಯಿತೇನೋ ಅನ್ನಿಸಿತು. ಅವರು ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಮುಂದುವರಿಸಿದರು. "ಕಲ್ಲು ಬೀಳೋದು ಬಿಡೋದು ಅದರಿಷ್ಟ. ಆದರೆ ಜನ ನೆಮ್ಮದಿಯಾಗಿ ಊಟ ಮಾಡಬೇಕಲ್ಲ. ಅವರಿಗೆ ಕೂಗು ಬೇಕು."

"ಹಂಗಾದ್ರೆ ಕೂಗ್ತೀವಿ ಸ್ವಾಮಿ. ಕಣ್ಣು ಮುಚ್ಕೊಂಡು ಕೂಗ್ತೀವಿ. ಕಣ್ಣು ಯಾಕೆ ತಗೊಂತೀರಿ?"

"ನಿಮ್ಮ ಕಣ್ಣು ಹೋಗದೆ ಇದ್ದರೆ ನೀವು ನೋಡ್ತಾ ಇದೀರಿ ಅಂತ ಊರು ನಂಬೋದು ಹೇಗೆ?" ಎಂದರು ನರಹರಯ್ಯ. ಗದರಲಿಲ್ಲ, ಅಷ್ಟು ಸಣ್ಣ ವಿಷಯವೂ ಹೊಳೆಯಲಿಲ್ಲವಲ್ಲ ಎಂಬ ಕನಿಕರದಿಂದಲೇ ಹೇಳಿದರು. "ಸೋಮವಾರ ಮರೀಬೇಡ."

ಭಾನುವಾರ ಮಧ್ಯಾಹ್ನ ನಮ್ಮ ಕೇರಿಯ ತಗಡಿನ ಚಪ್ಪರದಲ್ಲಿ ಓದುಕೂಟ ನಡೆಯುತ್ತದೆ. ಅಚ್ಚುಕೂಟದಲ್ಲಿ ಕೆಟ್ಟು ಬಿಸಾಡಿದ ಹಾಳೆಗಳನ್ನು ದ್ಯಾಮಿ ತರುತ್ತಾಳೆ, ಒಬ್ಬರು ಓದಿದರೆ ಉಳಿದವರು ತಡೆದು ತಡೆದು ಪ್ರಶ್ನೆ ಕೇಳುತ್ತಾರೆ. ನಾನು ಅಕ್ಷರ ಕಲಿತದ್ದೂ ಅಲ್ಲೇ. ಆ ಭಾನುವಾರ ಹಾಳೆ ಓದಲಿಲ್ಲ. ನರಹರಯ್ಯ ಅಂದದ್ದನ್ನು ಅಂದ ಹಾಗೇ ಒಪ್ಪಿಸಿದೆ. ಚಪ್ಪರದಲ್ಲಿ ಕೂತಿದ್ದವರಲ್ಲಿ ಹತ್ತಾರು ಜನಕ್ಕೆ ಕಣ್ಣಿರಲಿಲ್ಲ. ಅವರು ಕೂಡ ಒಬ್ಬರ ಮುಖ ಒಬ್ಬರು ನೋಡಿಕೊಂಡ ಹಾಗೆ ತಿರುಗಿ ಕೂತರು.

ಮೂರನೆಯ ಪಾಳಿಯ ಹುಲುಗಪ್ಪ ಮೊದಲು ಬಾಯಿ ಬಿಟ್ಟ. "ಹೋಗ್ಲಿ ಬಿಡು ತಂಗಿ. ಗೊತ್ತಾಯ್ತಲ್ಲ. ನಾಳೆಯಿಂದ ಎಲ್ಲಾರೂ ಕಣ್ಣು ಮುಚ್ಕೊಂಡು ಕೂಗಾನ. ರಾಗಿ ಬರ್ತೈತೆ, ಕಣ್ಣು ಉಳೀತೈತೆ."

"ಹತ್ತು ವರ್ಷ ಆದ್ಮೇಲೆ, ಯಾಕ್ರಪ್ಪಾ ನಿಮ್ಮ ಕಣ್ಣು ಇಷ್ಟು ಚೆನ್ನಾಗೈತೆ ಅಂತ ಕೇಳ್ತಾರೆ ಮಾವ. ಆವಾಗ ಏನಂತೀಯ?" ಎಂದಳು ದ್ಯಾಮಿ.

"ಆವಾಗಿಂದು ಆವಾಗ."

"ಆವಾಗ ನಿನ್ನ ಮಗನ ಕಣ್ಣಿಗೆ ಸುಣ್ಣ ಹಾಕಿ ಕಳಿಸ್ತೀಯಾ, ನಂಬ್ಲಿ ಅಂತ?"

ಹುಲುಗಪ್ಪನಿಗೆ ಸಿಟ್ಟು ಬಂತು. "ನಿನಗೇನು, ಅಚ್ಚುಕೂಟ ಐತೆ. ನಮಗೆ ಕತ್ತೆತ್ತೋದು ಬಿಟ್ರೆ ಬ್ಯಾರೆ ಏನು ಬರ್ತೈತೆ? ರಾಗಿ ನಿಂತ್ರೆ ಮಣ್ಣು ತಿನ್ನಾನಾ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸಾಕವ್ವ ಕೂತಲ್ಲಿಂದಲೇ, "ಲೇ ಹುಲುಗ, ರಾಗಿ ಕೊಟ್ರೆ ಕಣ್ಣು ಕೊಡ್ತೀನಿ ಅಂತ ನಾನು ಒಪ್ಪಿರ್ಲಿಲ್ಲ" ಎಂದಳು. "ಊರು ಉಳೀಲಿ ಅಂತ ಕೊಟ್ಟೆ. ಊರು ಅದರ ಪಾಡಿಗೆ ಅದು ಉಳೀತಿತ್ತಂತೆ. ನನ್ನ ಕಣ್ಣು ಅವರ ಊಟಕ್ಕೆ ಉಪ್ಪಿನಕಾಯಿ ಆಯ್ತು. ಈ ಕೂಸಿಂದು ಆಗಾಕೆ ನಾನು ಬಿಡಾಕಿಲ್ಲ." ಹುಲುಗಪ್ಪ ಬೀಡಿ ಹಚ್ಚಿದ. ಪೂರ್ತಿ ಸೇದಿ ಮೋಟನ್ನು ನೆಲಕ್ಕೆ ಒತ್ತಿದ. ಕೊನೆಗೆ, "ಕೂಗಾದು ಬ್ಯಾಡ ಅಂದ್ರೆ ಬ್ಯಾಡ" ಎಂದ. ಅಷ್ಟೇ ನಮ್ಮ ನಿರ್ಣಯ. ಅದಕ್ಕೆ ಸೂಚಕರೂ ಇರಲಿಲ್ಲ, ಅನುಮೋದಕರೂ ಇರಲಿಲ್ಲ.

ಸೋಮವಾರ ಹೊತ್ತು ಮುಳುಗಿತು. ಕಲ್ಲು ಬಂದು ನಿಂತಿತು. ಕೇರಿಯವರೆಲ್ಲ ಮನೆಯ ಬಾಗಿಲಲ್ಲಿ ಕೂತೆವು. ಒರಗುಕಲ್ಲುಗಳು ಖಾಲಿ. ಪೇಟೆಯಿಂದ ಒಗ್ಗರಣೆಯ ವಾಸನೆ ಬಂತು. ಎಲೆ ಹಾಕಿರುತ್ತಾರೆ, ಕೂಗು ಬರಲಿ ಎಂದು ಕಾಯುತ್ತಿರುತ್ತಾರೆ ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಕಾಲು ಗಂಟೆ, ಅರ್ಧ ಗಂಟೆ. ದಿನವೂ ಅಷ್ಟು ಗದ್ದಲವಿರುತ್ತಿದ್ದ ಪೇಟೆ ಸಾವಿನ ಮನೆಯ ಹಾಗೆ ತಣ್ಣಗಾಯಿತು. ಸುಳ್ಳು ಹೇಳಬಾರದು, ನನಗೂ ಹೆದರಿಕೆ ಇತ್ತು. ಆರು ತಿಂಗಳು ನಾನೇ ಪರೀಕ್ಷೆ ಮಾಡಿದವಳು, ಆದರೂ ದ್ಯಾಮಿಯ ರಟ್ಟೆ ಹಿಡಿದುಕೊಂಡೇ ಕೂತಿದ್ದೆ.

ಮುಕ್ಕಾಲು ಗಂಟೆಗೆ ಅವರು ಬಂದರು. ನೂರಾರು ಛತ್ರಿಗಳು, ಕೆಳಗೆ ಲಾಂದ್ರಗಳು. ಮೇಲೆ ಕಣ್ಣು ಹೋದೀತೆಂದು ಎಲ್ಲರ ತಲೆಯೂ ಬಗ್ಗಿತ್ತು. ನಮ್ಮ ಕೇರಿಯ ಮುಂದೆ ಮೇಲ್ಪೇಟೆ ತಲೆ ತಗ್ಗಿಸಿ ನಿಂತ ದೃಶ್ಯವನ್ನು ನೋಡಿ ಕಣ್ಣಿರುವವರು ಕಣ್ಣಿಲ್ಲದವರಿಗೆ ವಿವರಿಸಿ ವಿವರಿಸಿ ಹೇಳಿದರು. ಕೆಲವರು ಎರಡನೆಯ ಸಲವೂ ಕೇಳಿ ಹೇಳಿಸಿಕೊಂಡರು.

"ಹೊನ್ನೂರಮ್ಮನವರೇ, ಒಂದೇ ಒಂದು ಸಲ ಕೂಗಿಬಿಡಿ" ಎಂದರು ನರಹರಯ್ಯ. ಹಸಿವು ಹೆಸರನ್ನೂ ಕಲಿಸುತ್ತದೆ, ಎಂಥ ಬಹುವಚನವನ್ನೂ ಕಲಿಸುತ್ತದೆ. "ಅನ್ನ ಆರಿ ಹೋಯ್ತು. ಮಕ್ಕಳು ಅಳ್ತಾ ಇದಾವೆ."

"ಕೂಗೋಕೆ ನೋಡಬೇಕಲ್ಲ ಸ್ವಾಮಿ. ನಾವು ಇವತ್ತು ನೋಡಿಲ್ಲ."

"ನೋಡದೆ ಕೂಗಮ್ಮ, ಯಾರು ಕೇಳ್ತಾರೆ" ಎಂದು ಪಿಸುಗುಟ್ಟಿದರು.

"ಇಷ್ಟು ಜನ ಇದೀರಿ. ಒಬ್ಬರು ಕತ್ತೆತ್ತಿ ನೋಡ್ಕಳಿ, ಉಣ್ಣೋಕೆ ಹೋಗಿ."

ಛತ್ರಿಗಳು ಒಂದಕ್ಕೊಂದು ಒತ್ತಿಕೊಂಡವು. ಯಾರೋ ಶಾಸ್ತ್ರ ಎಂದರು, ಯಾರೋ ಪೊಲೀಸು ಎಂದರು. ಆಗ ಗುಂಪಿನ ನಡುವಿನಿಂದ ನರಹರಯ್ಯನವರ ತಾಯಿ ಭಾಗೀರತಮ್ಮ ಮಗನ ಹೆಗಲು ಹಿಡಿದುಕೊಂಡು ಮುಂದೆ ಬಂದರು. ಎಂಬತ್ತರ ಮುದುಕಿ, ಸಕ್ಕರೆ ಕಾಯಿಲೆ. "ನರಹರಿ, ನಾನು ಮಾತ್ರೆ ನುಂಗಿ ಒಂದು ಗಂಟೆ ಆಯ್ತು. ಕೈಕಾಲು ನಡುಗ್ತಾ ಇದೆ. ಕಲ್ಲು ಬಿದ್ದು ಸಾಯೋಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲೋ" ಎಂದು ಛತ್ರಿಯನ್ನು ಪಕ್ಕಕ್ಕೆ ತಳ್ಳಿದರು. ಅಮ್ಮಾ ಬೇಡ ಎಂದು ಮಗ ಅವರ ಕಣ್ಣಿಗೆ ಕೈ ಅಡ್ಡ ಹಿಡಿಯಲು ಹೋದರು. ಮುದುಕಿ ಆ ಕೈಗೆ ಒಂದು ಏಟು ಕೊಟ್ಟು ಕತ್ತೆತ್ತಿತು. ಎಂಬತ್ತು ವರ್ಷದಲ್ಲಿ ಮೊದಲ ಸಲ ಆ ಕತ್ತು ಮೇಲೆ ಹೋದದ್ದು, ಅದರ ಶಬ್ದ ನಮಗೆ ಕೇಳಿಸಿತು.

ಮಗನ ಹೆಗಲು ಹಿಡಿದುಕೊಂಡೇ ಆ ಕಡೆಯಿಂದ ಈ ಕಡೆಗೆ ಆಕಾಶವನ್ನೆಲ್ಲ ನೋಡಿದರು. ಆಮೇಲೆ, "ಇಷ್ಟು ಚೆನ್ನಾಗಿದೆಯಲ್ಲೋ, ಪಾಪಿಗಳಾ" ಎಂದರು. "ಸುತ್ತ ಅದೇನೋ ಚುಕ್ಕಿಗಳಿವೆ. ಯಾರೂ ಹೇಳೇ ಇರಲಿಲ್ಲ." ಆಮೇಲೆ ನೆನಪಾಗಿ, "ಇದೆ, ಇದೆ. ನಡೀರಿ ಊಟಕ್ಕೆ" ಎಂದರು. ಊರು ಊಟಕ್ಕೆ ಹೋಯಿತು.

ಅಲ್ಲಿಗೆ ನಾವು ಗೆದ್ದೆವು ಎಂದುಕೊಂಡವರು ಆ ಪೇಟೆಯನ್ನು ತಿಳಿಯದವರು. ವಾರದೊಳಗೆ ತಗಡಿನ ಮಾಡುಗಳು ಇಳಿದವು, ತಾರಸಿಗಳ ಮೇಲೆ ಮೆತ್ತೆಗಳು ಏರಿದವು. ನಮಗೆ ಇಷ್ಟು ತಲೆಮಾರು ಸಿಗದ ಕಪ್ಪು ಕನ್ನಡಕಗಳು ಮೂರೇ ದಿನದಲ್ಲಿ ಬಂದವು. ನೋಡುವುದು ಕೂಲಿಯಾಗಿದ್ದಾಗ ಕಣ್ಣು ತಿನ್ನುತ್ತಿದ್ದದ್ದು, ದರ್ಶನವಾದ ಮೇಲೆ ಕಣ್ಣಿಗೆ ತಂಪು ಎಂದು ಪ್ರವಚನವಾಯಿತು. ಒಬ್ಬೊಬ್ಬರಿಗೆ ಎರಡು ನಿಮಿಷ, ಆಮೇಲೆ ಕೋಸಂಬರಿ. ನಿಗಾ ಕಚೇರಿಗೆ ವೀಕ್ಷಣಾ ಸಮಿತಿ ಎಂದು ಹೆಸರು ಬದಲಾಯಿತು, ನರಹರಯ್ಯ ಅದರ ಅಧ್ಯಕ್ಷರಾದರು. ನಮ್ಮ ರಾಗಿ ನಿಂತಿತು. ಹುಲುಗಪ್ಪ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿ ದಿನಾ ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದ. ಬಂದವನೇ ನನಗೊಂದು ಬೈಗುಳ ಬೈಯುತ್ತಿದ್ದ, ಆದರೆ ಭಾನುವಾರ ಬಂತೆಂದರೆ ಮಗನನ್ನು ಓದುಕೂಟಕ್ಕೆ ಅಟ್ಟುತ್ತಿದ್ದ.

ತಿಂಗಳು ತುಂಬುವಷ್ಟರಲ್ಲಿ ಪ್ರಕಟಣೆ ಬಂತು. ಕೇರಿಯ ಜನರ ಅನಧಿಕೃತ ದೃಷ್ಟಿಯಿಂದ ಉನ್ನತ ಶಿಲೆಯ ಸ್ಥಿರತೆಗೆ ಧಕ್ಕೆಯಾಗುವ ಸಂಭವವಿರುವುದರಿಂದ, ಸೂರ್ಯಾಸ್ತದ ನಂತರ ಅವರು ತಲೆ ಎತ್ತಕೂಡದು. ಆ ಪ್ರಕಟಣೆ ಅಚ್ಚಾಗಿದ್ದು ದ್ಯಾಮಿಯ ಅಚ್ಚುಕೂಟದಲ್ಲಿ. ಮೊಳೆ ಜೋಡಿಸಿದ್ದು ದ್ಯಾಮಿ. ಹಸಿ ಮಸಿಯ ಒಂದು ಹಾಳೆಯನ್ನು ಮಡಚಿ ತಂದು ನನ್ನ ಮುಂದಿಟ್ಟಳು.

"ಎರಡು ತಪ್ಪು ಬರ್ಕೊಂಡು ಬಂದಿದ್ರು ಕಣವ್ವ. ತಿದ್ದಿ ಜೋಡಿಸ್ದೆ."

"ಅದನ್ಯಾಕೆ ತಿದ್ದೋಕೆ ಹೋದೆ?"

"ಅವರು ಏನಂದ್ರು ಅನ್ನೋದು ಎಲ್ಲಾರಿಗೂ ಸರಿಯಾಗಿ ಓದೋಕೆ ಸಿಗ್ಲಿ. ನಾಳೆ, ಹಂಗಂದಿಲ್ಲ, ಅಚ್ಚಿನ ತಪ್ಪು ಅಂತಾರೆ" ಎಂದು ತಟ್ಟೆ ಮುಂದೆ ಕೂತಳು.

ಆ ಸಂಜೆ ನಾನು ಅವಳಿಗೆ ಮುದ್ದೆ ಬಡಿಸಿದೆ. ಎದುರಿಗೆ ಬುಡ್ಡಿ ದೀಪ. ಆಗ ಹೊಳೆಯಿತು, ಇವಳು ಹುಟ್ಟಿದಾಗಿನಿಂದ ರಾತ್ರಿಯೂಟಕ್ಕೆ ಒಂದು ದಿನವೂ ನಾನು ಇವಳ ಎದುರು ಕೂತಿಲ್ಲ. ಆ ಹೊತ್ತಿಗೆ ನಾನು ಬೇರೆಯವರ ಮನೆಗಳಿಗೆ ಉಣ್ಣಿಸುತ್ತಿದ್ದೆ. ಕೂಗು ನಿಂತ ಮೇಲೂ ಅಭ್ಯಾಸ ಬಿಡದೆ ಆ ಹೊತ್ತಿಗೆ ಬಾಗಿಲಲ್ಲಿ ಕೂತು ಕಲ್ಲು ನೋಡುತ್ತಿದ್ದೆ. ದೀಪದ ಬೆಳಕಿನಲ್ಲಿ ಮಗಳ ಮುಖ ಹೇಗಿರುತ್ತದೆ ನೋಡೋಣ ಎಂದು ಕಣ್ಣಿಟ್ಟೆ. ಕಾಣಲಿಲ್ಲ. ನಮ್ಮ ಕಣ್ಣು ಒಮ್ಮೆಗೇ ಹೋಗುವುದಿಲ್ಲ, ನಡುವಿನಿಂದ ಸವೆಯುತ್ತದೆ. ಅವಳ ಜಡೆ ಕಂಡಿತು, ಮಸಿ ಹತ್ತಿದ ಬೆರಳು ಕಂಡಿತು, ಹಿಂದಿನ ಗೋಡೆ ಕಂಡಿತು. ಮುಖ ಇರಬೇಕಾದ ಕಡೆ ಹುರಿಗಡಲೆಯಷ್ಟು ಬೆಳಕು ನಿಂತಿತ್ತು. ಅವಳನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟೆ. ಬೆಳಕೂ ಪಕ್ಕಕ್ಕೆ ಸರಿಯಿತು.

"ಏನವ್ವಾ, ನನ್ನ ಕಿವಿನೇ ನೋಡ್ತಾ ಕೂತಿದೀಯ?"

"ಸುಮ್ಕೆ ಉಣ್ಣು" ಎಂದೆ.

ಅವಳು ಉಣ್ಣತೊಡಗಿದಳು. ನಾನು ಅವಳ ಕಿವಿಯನ್ನೇ ನೋಡುತ್ತಾ ಮೂಗು, ಬಾಯಿ, ಸಾರು ಹತ್ತಿದ ಗಲ್ಲ, ಒಂದೊಂದಾಗಿ ಕಣ್ಣಂಚಿನಲ್ಲಿ ಕಂಡುಕೊಂಡೆ.